ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂದೋರು ಯಾರು?

ನಮ್ಮ ಕಡೆ ಹೆಂಗಸರ ಬಾಯಲ್ಲಿ ಒಂದು ಮಾತಿದೆ, ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂತ. ಹೂವು ಹಾಕಿ, ಬೂದಿ ಬಿಡಿ, ಗಣಪತಿ ಬಿಡಿ, ಬಚ್ಚಲ ನೀರು ಬಿಡಿ, ಹೊಳೆ ಎಲ್ಲ ಹೊತ್ಕೊಂಡು ಹೋಗ್ತದೆ, ಬೆಳಗಾದ್ರೆ ಹೊಸ ನೀರು ಅಂತ. ಈ ಮಾತನ್ನ ನಾನು ಒಪ್ಪಲ್ಲ. ಇವತ್ತು ಇದರ ಮೇಲೇ ಜಗಳ ತೆಗೀಬೇಕು ಅಂತ ಕೂತಿದೀನಿ. ಒಲೆ ಮೇಲೆ ಹಾಲಿಟ್ಟಿದ್ರೆ ಆರಿಸಿ ಬನ್ನಿ, ಸ್ವಲ್ಪ ಉದ್ದ ಆಗ್ತದೆ.

ಹೊಳೆ ಹೊತ್ಕೊಂಡು ಹೋಗ್ತದೆ ಅನ್ನೋದು ಅರ್ಧ ಸುಳ್ಳು. ಕರಗಿದ್ದು ನೀರಿನ ಜೊತೆ ಹೋಗ್ತದೆ. ಕರಗದೇ ಇರೋ ಜಿಡ್ಡು, ಬಣ್ಣ, ಲೋಹದ ಅಂಶ, ಇನ್ನೂ ಎಷ್ಟೋ ರಾಸಾಯನಿಕ ಸಣ್ಣ ಮಣ್ಣಿನ ಕಣಕ್ಕೆ ಅಂಟ್ಕೊಂಡು ತಳಕ್ಕೆ ಇಳೀತದೆ, ಕಾಫಿ ಲೋಟದಲ್ಲಿ ಗಸಿ ಕೂರೋ ಹಂಗೆ. ಮೇಲಿನ ಕಾಫಿ ತಿಳಿಯಾಗಿದೆ ಅಂದ ಮಾತ್ರಕ್ಕೆ ಗಸಿ ಇಲ್ಲ ಅನ್ನೋಕೆ ಆಗ್ತದಾ?

ಇನ್ನೊಂದು ಮಾತು ಭದ್ರಾವತಿ ನೆಂಟರ ಮನೆಗೆ ಹೋದಾಗೆಲ್ಲ ಕೇಳ್ತೀನಿ. "ಹೊಳೆ ಹಾಳಾಗಿದ್ದು ಕಾರ್ಖಾನೆಯಿಂದ, ನಮ್ಮ ಬಚ್ಚಲಿಂದ ಎಂತ ಆಗ್ತದೆ?" ಅಂತ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು ಅದು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಎಷ್ಟೋ ಮನೆಗೆ ಅನ್ನ ಹಾಕಿದ್ದೂ ಅವೇ. ಹೊಳೆ ಕೊಳೆಯಲ್ಲಿ ಕಾರ್ಖಾನೆಗಳ ಪಾಲಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಕಾಗದದ ಕಾರ್ಖಾನೆ ಯಂತ್ರ ನಿಂತ ಮೇಲೆ, 2018ರಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ದೇಶದಲ್ಲಿ ಹೊಳೆಗಳು ಎಲ್ಲೆಲ್ಲಿ ಕೆಟ್ಟಿವೆ ಅಂತ ಪಟ್ಟಿ ಕೊಟ್ರು. ಒಟ್ಟು 351 ಕಡೆ, ಅದ್ರಲ್ಲಿ ಕರ್ನಾಟಕದ್ದು 17. ಭದ್ರಾವತಿ, ಹೊಳೆಹೊನ್ನೂರು ನಡುವಿನ ಭದ್ರೆ ಆ ಪಟ್ಟಿಯಲ್ಲಿದೆ. ಶಿವಮೊಗ್ಗದಿಂದ ಕೂಡ್ಲಿ ತನಕ ತುಂಗೆ ಇದೆ. ಎರಡೂ ಕೂಡಿ ತುಂಗಭದ್ರೆ ಆದ ಮೇಲೆ ಹರಿಹರದಿಂದ ಕೆಳಗೆ ಮತ್ತೆ ಇದೆ.

ತುಂಗೆ ದಂಡೆ ಮೇಲೆ ಆ ಕಾರ್ಖಾನೆಗಳು ಯಾವತ್ತೂ ಇರ್ಲಿಲ್ಲ. ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಛಿಪ್ಪಲಗುಡ್ಡೆ ಹತ್ರ ಇದೇ ತುಂಗೆಯಲ್ಲಿ ಮೀನು ಹಿಂಡುಹಿಂಡಾಗಿ ಓಡಾಡ್ತವೆ, ದೇವರ ಮೀನು ಅಂತ ಯಾರೂ ಹಿಡಿಯಲ್ಲ. ಆ ಕಡೆಯ ತುಂಗೆ ಪಟ್ಟಿಯಲ್ಲಿಲ್ಲ, ಶಿವಮೊಗ್ಗಕ್ಕೆ ಬಂದ ಮೇಲೆ ಇದೆ. ನಡುವೆ ಬಂದಿದ್ದು ಎಂತ? ನಾವು.

ಲೆಕ್ಕ ಹಾಕೋಣ, ಚೀಟಿ ದುಡ್ಡು ಲೆಕ್ಕ ಹಾಕೋರಿಗೆ ಇದೇನು ಕಷ್ಟ ಅಲ್ಲ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನ 3,22,650, ಭದ್ರಾವತಿಯೋರು 1,51,102. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು, ಅದ್ರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಹೋಗ್ತದೆ ಅಂತ ಸರ್ಕಾರದ ಇಂಜಿನಿಯರುಗಳೇ ಹಾಕೋ ಲೆಕ್ಕ. ಗುಣಿಸಿದ್ರೆ ಎರಡೂ ಊರಿಂದ ದಿನಕ್ಕೆ 5 ಕೋಟಿ ಲೀಟರ್ ಮೇಲೆ. 10,000 ಲೀಟರಿನ ಟ್ಯಾಂಕರ್ ಆದ್ರೆ ದಿನಕ್ಕೆ 5,000 ಟ್ಯಾಂಕರ್ ದಾಟ್ತದೆ. ಇನ್ನು ಸೋಪಿನ ಪುಡಿ. ಐದು ಜನಕ್ಕೊಂದು ಮನೆ ಅಂದ್ರೆ ಹತ್ರಹತ್ರ 95,000 ಮನೆ. ಮನೆಗೆ ತಿಂಗಳಿಗೆ ಒಂದೇ ಕೆಜಿ ಅಂದ್ಕೊಂಡ್ರೂ 95 ಟನ್. ಅಂದ್ರೆ ಒಂಬತ್ತೂವರೆ ಲಾರಿ ಲೋಡು ಸೋಪಿನ ಪುಡಿ, ತಿಂಗಳು ತಿಂಗಳೂ. ಪಾತ್ರೆ ಸೋಪು, ಫಿನಾಯಿಲ್, ಕಕ್ಕಸು ತೊಳೆಯೋ ಆಸಿಡ್ಡು, ಶಾಂಪೂ ಇನ್ನೂ ಸೇರಿಸಿಲ್ಲ. ಇದಿಷ್ಟೂ ನೇರ ಹೊಳೆಗೆ ಬೀಳಲ್ಲ, ಸ್ವಲ್ಪ ಗುಂಡಿಗೆ ಹೋಗ್ತದೆ, ಸ್ವಲ್ಪ ಶುದ್ಧೀಕರಣ ಘಟಕಕ್ಕೆ ಹೋಗ್ತದೆ. ಉಳಿದದ್ದು ಚರಂಡಿ ಹಿಡ್ಕೊಂಡು ಹೊಳೆಗೆ.

ತಳಕ್ಕೆ ಹೋದ ಮೇಲೆ ಎಂತ ಆಗ್ತದೆ ಅಂತ ಹೇಳ್ತೀನಿ. ನಾನು ಓದಿದ್ದು ಪಿಯುಸಿ, ಅಷ್ಟು ಸಾಕು ಇದಕ್ಕೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದ್ರೆ ಅದು ಗಿಡಕ್ಕೆ ಗೊಬ್ಬರ. ಹೊಲದಲ್ಲಿ ಬೆಳೆ ಬರ್ತದೆ, ಹೊಳೆಯಲ್ಲಿ ಪಾಚಿ ಮತ್ತೆ ಅಂತರಗಂಗೆ ಬರ್ತದೆ. ಅದು ಸತ್ತು ತಳಕ್ಕೆ ಬಿದ್ದು ಕೊಳೀವಾಗ ನೀರಲ್ಲಿರೋ ಆಮ್ಲಜನಕ ಖರ್ಚಾಗ್ತದೆ. ಆಮ್ಲಜನಕ ಇಲ್ಲದ ಕೆಸರು ಕಪ್ಪಗಾಗ್ತದೆ, ಕೊಳೆತ ಮೊಟ್ಟೆ ವಾಸನೆ ಹೊಡೀತದೆ. ಕೆಸರಲ್ಲಿ ಅಂಟಿ ಕೂತಿದ್ದ ಫಾಸ್ಫೇಟ್ ಆಗ ಮತ್ತೆ ಬಿಡಿಸ್ಕೊಂಡು ಮೇಲೆ ಬಂದು ಮತ್ತೆ ಪಾಚಿ ಬೆಳೆಸ್ತದೆ. ನಾವು ಇವತ್ತು ಸೋಪು ನಿಲ್ಲಿಸಿದ್ರೂ ಹಳೇ ಸಾಲದ ಬಡ್ಡಿ ಓಡ್ತಾನೇ ಇರ್ತದೆ. ಬಟ್ಟೆ ಪುಡಿಯಲ್ಲಿ ನೊರೆ ಬರಿಸೋ ವಸ್ತುವನ್ನ ಗಾಳಿ ಇರೋ ನೀರಲ್ಲಿ ಸೂಕ್ಷ್ಮಜೀವಿ ತಿಂದು ಮುಗಿಸ್ತವೆ, ಗಾಳಿ ಇಲ್ಲದ ಕೆಸರಲ್ಲಿ ಅದು ಹಂಗೇ ಉಳೀತದೆ. ಕೀಟಾಣು ಕೊಲ್ಲೋ ಸೋಪಿಗೆ ಹಾಕ್ತಿದ್ದ ಟ್ರೈಕ್ಲೋಸಾನ್ ಕೂಡ ಕೆಸರಿಗೆ ಅಂಟೋ ಜಾತಿಯದ್ದು. ಅಮೆರಿಕಾದಲ್ಲಿ 2016ರಲ್ಲಿ ಅದನ್ನೂ ಸೇರಿಸಿ 19 ವಸ್ತುಗಳನ್ನ ಕೈ ತೊಳೆಯೋ ಸೋಪಿಗೆ ಹಾಕಬಾರ್ದು ಅಂತ ಆದೇಶ ಮಾಡಿದ್ರು. ಮಾಮೂಲಿ ಸೋಪು ನೀರಿಗಿಂತ ಇದು ಹೆಚ್ಚೇನೂ ಮಾಡ್ತದೆ ಅಂತ ಕಂಪನಿಗಳು ತೋರಿಸಿಲ್ಲ ಅನ್ನೋದೇ ಕಾರಣ.

ಆ ಕೆಸರಲ್ಲೇ ಹುಳ, ಶಂಖದ ಹುಳು, ಚಿಪ್ಪಿನ ಜೀವ ಎಲ್ಲ ಬದುಕೋದು, ಅದನ್ನ ತಿಂದೇ ಮೀನು. ಜಪಾನಿನ ಮಿನಮಾಟ ಕೊಲ್ಲಿಗೆ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರು ಬಿಡ್ತಿತ್ತು. ಮೀನು ತಿಂದೋರ ನರ ಕೆಡ್ತು, 1956ರಲ್ಲಿ ರೋಗ ಗೊತ್ತಾಯ್ತು. 1968ರಲ್ಲಿ ಬಿಡೋದು ನಿಂತ್ರೂ ಸಮುದ್ರದ ತಳದಲ್ಲಿ ಕೂತ ಕೆಸರು ಹಂಗೇ ಇತ್ತು, ಅದನ್ನ ಎತ್ತಿ ಮುಗಿಸೋ ಹೊತ್ತಿಗೆ 1990 ಆಯ್ತು. ನಮ್ಮ ಬಚ್ಚಲ ನೀರು ಪಾದರಸ ಅಲ್ಲ, ಹೆದರಿಸೋಕೆ ಇದನ್ನ ಹೇಳಿಲ್ಲ. ಮೇಲಿಂದ ಬಿಡೋದು ನಿಲ್ಲಿಸಿದ ದಿನವೇ ತಳ ಶುದ್ಧ ಆಗಲ್ಲ ಅಂತ ತೋರಿಸೋಕೆ ಹೇಳಿದೆ.

ನಮ್ಮ ಕೆಸರೂ ಇಲ್ಲೇ ಕೂರಲ್ಲ. ಮಳೆಗಾಲದ ಕೆಂಪು ನೀರು ಅದನ್ನ ಎಬ್ಬಿಸಿ ಹೊನ್ನಾಳಿ, ಹರಿಹರ ದಾಟಿಸಿ ಹೊಸಪೇಟೆ ಅಣೆಕಟ್ಟೆಗೆ ತಳ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ 133 ಟಿಎಂಸಿ ಹಿಡೀತಿತ್ತು, ಈಗ ಸುಮಾರು 105. ಉಳಿದ ಜಾಗ ಹೂಳು ತುಂಬಿದೆ. ಹೂಳಲ್ಲಿ ಬಹುಪಾಲು ಗುಡ್ಡದ, ಹೊಲದ ಮಣ್ಣು, ನಿಜ. ಆದ್ರೆ ಕೊಳೆ ಅಂಟಿ ಬರೋದೂ ಅದೇ ಮಣ್ಣಿಗೇ. ಅಲ್ಲಿ ನಿಲ್ಲದ್ದು ಮಂತ್ರಾಲಯದ ಮುಂದೆ ಹಾದು, ಕೃಷ್ಣೆ ಸೇರಿ, ಕೊನೆಗೆ ಬಂಗಾಳ ಕೊಲ್ಲಿ ತಳ ಸೇರ್ತದೆ. ರಾಯರ ದರ್ಶನಕ್ಕೆ ಹೋದಾಗ ನಾವು ಭಕ್ತಿಯಿಂದ ಮುಳುಗೋ ನೀರಿಗೆ ಮೇಲಿಂದ ಬಿಡೋರೂ ನಾವೇ.

"ಶುದ್ಧೀಕರಣ ಘಟಕ ಇದ್ಯಲ್ಲ" ಅಂತ ಕೇಳ್ತೀರಿ. ಇರ್ಬೇಕು, ಇನ್ನೂ ಬೇಕು. ಕೊಳಚೆಯನ್ನ ಮೊದ್ಲು ತಂಗಿಸಿ, ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ತಿನ್ನಿಸ್ತಾರೆ. ಆದ್ರೆ ಮನೆ ಪೈಪು ಒಳಚರಂಡಿಗೆ ಸೇರಿದ್ರೆ ತಾನೇ ನೀರು ಅಲ್ಲಿಗೆ ಹೋಗೋದು? ಲೋಹ, ಟ್ರೈಕ್ಲೋಸಾನ್ ಅಂಥವನ್ನ ಆ ಜೀವಿಗಳು ತಿಂದು ಮುಗಿಸಲ್ಲ, ಬಹುಪಾಲು ಘಟಕದ ಕೆಸರಿಗೇ ಹೋಗಿ ಕೂರ್ತದೆ. ಇನ್ನು 2018ರ ಆ ಪಟ್ಟಿ ಮಾಡಿದ್ದು ನೀರಿನ ಬಿಓಡಿ ನೋಡಿ, ಅಂದ್ರೆ ನೀರಲ್ಲಿರೋ ಕೊಳೆ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ತಳದ ಕೆಸರಿನ ಮಾತೇ ಅದ್ರಲ್ಲಿಲ್ಲ. ಸೀರೆ ಮಾತ್ರ ನೋಡಿ ಬೀರು ಒಪ್ಪವಾಗಿದೆ ಅಂದ ಹಂಗಾಯ್ತು.

ಈಗ ನನಗೆ ಹೆಚ್ಚು ಸಿಟ್ಟು ಬರಿಸೋ ಮಾತು. ಹೊಳೆ ವಿಷಯ ಎತ್ತಿದ್ರೆ ಸಾಕು, ಭಾಷಣ ಮಾಡೋರು ನಮ್ಮ ಕಡೆ ತಿರುಗ್ತಾರೆ. "ತಾಯಂದಿರೇ, ಸೋಪು ಬಿಡಿ, ಅಂಟುವಾಳಕಾಯಿಗೆ ವಾಪಸ್ ಹೋಗಿ." ಸ್ವಾಮಿ, ಅಂಟುವಾಳದ ನೊರೆಯೂ ಹೆಚ್ಚಾದ್ರೆ ಮೀನಿಗೆ ವಿಷವೇ. ಅದು ಬೇಗ ಕೊಳೆತು ಹೋಗ್ತದೆ, ಸೋಪಿಗಿಂತ ಒಳ್ಳೇದು ಹೌದು. ಆದ್ರೆ ಅದನ್ನ ನೆನೆಸಿ, ಕಿವುಚಿ, ಐದು ಜನರ ಬಟ್ಟೆ ಕೈಯಲ್ಲಿ ಒಗೆಯೋದು ಯಾರು, ಭಾಷಣ ಮಾಡಿದೋರಾ? ನಾವು ಪುಡಿ ಅರ್ಧ ಚಮಚ ಕಮ್ಮಿ ಹಾಕ್ತೀವಿ, ಫಾಸ್ಫೇಟ್ ಇಲ್ಲದ್ದು ನೋಡಿ ತರ್ತೀವಿ, ಕೀಟಾಣು ಕೊಲ್ಲೋ ಸೋಪು ಬಿಡ್ತೀವಿ, ಬಣ್ಣ ಹಚ್ಚದ ಮಣ್ಣಿನ ಗಣಪತಿ ತಂದು ಬಕೆಟ್ಟಲ್ಲೇ ಬಿಡ್ತೀವಿ. ಉಳಿದ ಮಾತ್ರೆ, ಹಳೇ ಪೇಂಟು ಕಕ್ಕಸಿಗೆ ಸುರಿಯಲ್ಲ. ಇದು ನಮ್ಮ ಪಾಲು. 5 ಕೋಟಿ ಲೀಟರ್ ಸಾಗಿಸಿ ಶುದ್ಧ ಮಾಡೋದು ನಗರಪಾಲಿಕೆ, ನಗರಸಭೆ ಪಾಲು. ನಮ್ಮ ಬಕೆಟ್ಟು ತೋರಿಸಿ ತಮ್ಮ ಪೈಪು ಮರೆಸೋದು ಬೇಡ.

ಸ್ಮಾರ್ಟ್ ಸಿಟಿ ಅಂತ ತುಂಗೆ ದಂಡೆ ಮೇಲೆ ಓಡಾಡೋಕೆ ಚೆಂದದ ದಾರಿ ಮಾಡಿದಾರೆ. ಸಂಜೆ ವಾಕಿಂಗ್ ಹೋಗಿ, ಬೇಡ ಅನ್ನಲ್ಲ. ಹೋದಾಗ ಒಂದು ಕೆಲಸ ಮಾಡಿ. ಮಳೆ ನೀರಿಗೆ ಅಂತ ಕಟ್ಟಿದ ದೊಡ್ಡ ಚರಂಡಿ ಹೊಳೆ ಸೇರೋ ಜಾಗ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹನಿ ಮಳೆ ಇಲ್ಲದಾಗಲೂ ಅದ್ರಲ್ಲಿ ನೀರು ಹರೀತಿದ್ರೆ ಅದು ಮಳೆ ನೀರಲ್ಲ, ಯಾವ ಪರೀಕ್ಷೆಯೂ ಬೇಡ. ಫೋಟೋ ತೆಗೆದು ವಾರ್ಡಿನ ಕಚೇರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಮೂರೇ ಪ್ರಶ್ನೆ ಕೇಳಿ. ನಮ್ಮ ಬೀದಿ ಪೈಪು ಒಳಚರಂಡಿಗೆ ಸೇರಿದ್ಯಾ? ಶುದ್ಧ ಮಾಡಿದ ಮೇಲೆ ನೀರು ಹೆಂಗಿದೆ ಅಂತ ತಿಂಗಳು ತಿಂಗಳೂ ಬೋರ್ಡ್ ಹಾಕ್ತೀರಾ? ಹೊಳೆ ತಳದ ಕೆಸರು ಪರೀಕ್ಷೆ ಮಾಡ್ಸಿದೀರಾ? ಒಬ್ಬಳೇ ಹೋದ್ರೆ ಕಾಯಿಸ್ತಾರೆ, ಹತ್ತು ಜನ ಹೋದ್ರೆ ಕುರ್ಚಿ ಹಾಕ್ತಾರೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದೋರು ಶೃಂಗೇರಿಯಿಂದ ಹೊಳೆ ಉದ್ದಕ್ಕೂ ನಡೆದ್ರು. ನಮಗೆ ವಾರ್ಡ್ ಕಚೇರಿ ತನಕ ನಡೆಯೋಕೆ ಆಗಲ್ವಾ?

ಗಂಗಾ ಸ್ನಾನ, ತುಂಗಾ ಪಾನ ಅಂತ ಹೆಮ್ಮೆಯಿಂದ ಹೇಳ್ಕೊಳ್ತೀವಿ. ಪಾನ ಮಾಡೋದು ಊರಿನ ಮೇಲೆ ಮಂಡ್ಲಿಯಲ್ಲಿ ಎತ್ತಿದ ನೀರು. ಊರಿನ ಕೆಳಗೆ ಬಿಟ್ಟದ್ದನ್ನ ಪಾನ ಮಾಡೋ ಹೆಂಗಸರೂ ಇದಾರೆ, ಅವರ ಮನೆಯಲ್ಲೂ ಬಾಣಂತಿಯರು, ಕೂಸುಗಳು ಇದಾವೆ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದ್ರೆ ತುಂಗೆ ತುಂಬಿದ್ಲು ಅಂತ ಬಾಗಿನ ಕೊಡ್ತೀವಿ, ಅರಿಶಿನ, ಕುಂಕುಮ, ಬಳೆ ಎಲ್ಲ ಇಟ್ಟು. ಬಸುರಿಗೆ ಮಡಿಲು ತುಂಬಿದ ಕೈಯಲ್ಲೇ ಅವಳ ಹೊಟ್ಟೆಗೆ ಕೊಳಚೆ ಸುರೀತೀವಾ? ಈ ಮಳೆಗಾಲದಲ್ಲಿ ಬಾಗಿನ ಬಿಡೋಕೆ ಹೋಗೋ ಮೊದ್ಲು ಆ ಮೂರು ಪ್ರಶ್ನೆಯ ಅರ್ಜಿ ಕೊಟ್ಟು ಬನ್ನಿ. ನಮ್ಮ ಬೀದಿದು ನಾನು ಬರೆದಿಟ್ಟಿದೀನಿ, ಸಹಿ ಹಾಕೋರು ಗುರುವಾರ ಸಂಜೆ ಬನ್ನಿ.