ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಧೈರ್ಯ

ಕಳೆದ ತಿಂಗಳು ಕಿರಿಮಂಜೇಶ್ವರದ ಮನೆಯೊಂದರ ಜಗಲಿಯಲ್ಲಿ ಕುಳಿತು, ಒಂದು ಲೋಟ ಕಾಫಿ ಮುಗಿಯುವುದರೊಳಗೆ ತಪ್ಪು ಉಪದೇಶವೊಂದನ್ನು ಮಾಡಿ ಬಂದೆ. ಉಪದೇಶ ಮಾಡುವುದು ಅಧ್ಯಾಪಕರ ಹುಟ್ಟುಗುಣ. ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವುದು ಅಪರೂಪ. ಆದುದರಿಂದ ವಾಚಕರ ಮುಂದೆ ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಆ ಮನೆಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಬಳಿಕ ಹೋಟೆಲ್ ಆಡಳಿತದಲ್ಲಿ ಪದವಿ ಪಡೆದವನು. ದುಬಾಯಿಯ ದೊಡ್ಡ ಹೋಟೆಲೊಂದರಿಂದ ಅವನಿಗೆ ಕೆಲಸದ ಕರೆ ಬಂದಿತ್ತು. ಅವನ ಮನಸ್ಸಾದರೋ ಹೆದ್ದಾರಿಯ ಬದಿಯಲ್ಲಿರುವ ತಮ್ಮ ತುಂಡು ಜಾಗದ ಮೇಲೆ. ಕೊಲ್ಲೂರಿಗೂ ಮುರುಡೇಶ್ವರಕ್ಕೂ ಹೊರಟ ಯಾತ್ರಿಕರು, ಮರವಂತೆಯ ಕಡಲನ್ನು ನೋಡಲು ಬಂದ ಸಂಸಾರಗಳು ಹಾದುಹೋಗುವ ದಾರಿ ಅದು.

“ಕೆಳಗೆ ನಾಲ್ಕು ಮೇಜು, ಮೇಲೆ ಎರಡು ಕೋಣೆ. ಅಷ್ಟೇ ಸಾರ್” ಎಂದ.

“ಸಂಬ್ಳ ಬಪ್ಪು ಕೆಲ್ಸ ಬಿಟ್ಟು ದೋಸೆ ಹೊಯ್ತ್ಯಾ?” ಎಂದು ತಂದೆ ಒಳಗಿನಿಂದಲೇ ಗುಡುಗಿದರು.

“ಮೊದಲು ಕೆಲಸಕ್ಕೆ ಸೇರು. ವ್ಯಾಪಾರ ಎಲ್ಲಿಗೆ ಓಡಿಹೋಗುತ್ತದೆ?” ಎಂದು ನಾನೂ ತಂದೆಯ ಪಕ್ಷವನ್ನೇ ವಹಿಸಿದೆ. ಹುಡುಗ ಮರುಮಾತಾಡಲಿಲ್ಲ.

ಉಡುಪಿಗೆ ಮರಳುವ ಬಸ್ಸು ಸಾಲಿಗ್ರಾಮವನ್ನು ಸಮೀಪಿಸಿದಾಗ ಪಕ್ಕದ ಪರಂಪಳ್ಳಿಯ ನೆನಪಾಗಿ ನನಗೆ ನಾಚಿಕೆಯಾಯಿತು. ಅಲ್ಲಿಯ ಮಯ್ಯ ಸೋದರರು ಬೆಂಗಳೂರಿಗೆ ಹೋಗಿ, ಪರರ ಮನೆಯ ಅಡಿಗೆಯವರಾಗಿದ್ದು, 1924ರಲ್ಲಿ ಸ್ವಂತ ಕಾಫಿ ಕ್ಲಬ್ಬನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಕಡಂದಲೆಯ ಕೃಷ್ಣರಾಯರು ಮದರಾಸಿನ ಹೋಟೆಲಿನ ಅಡಿಗೆಮನೆಯಲ್ಲಿ ಆಳಾಗಿ ದುಡಿದು, 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಈ ಎರಡರ ನಡುವಿನ ಮೆಟ್ಟಿಲು ಯಾವುದು? ಅವರ ಯಜಮಾನನೇ ಸಣ್ಣ ಹೋಟೆಲೊಂದನ್ನು ಕಂತಿನ ಮೇಲೆ ಅವರಿಗೆ ಬಿಟ್ಟುಕೊಟ್ಟಿದ್ದ.

ಮನುಷ್ಯನ ಸಂಕಲ್ಪಕ್ಕೆ ಮೂರು ಮೂಲಗಳೆಂದು ಐಸೆಕ್ ಅಜೆನ್ ಎಂಬ ಮನಶ್ಶಾಸ್ತ್ರಜ್ಞರು 1991ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ: ಆ ಕೆಲಸ ಒಳ್ಳೆಯದೆಂಬ ಭಾವನೆ, ತನ್ನವರ ಸಮ್ಮತಿ, ತನ್ನ ಕೈಯಲ್ಲಾಗುತ್ತದೆಂಬ ನಂಬಿಕೆ. ವಿದ್ಯಾರ್ಥಿಗಳು ಉದ್ಯಮಕ್ಕಿಳಿಯುವುದು ಏತರಿಂದ ಎಂದು ಶೋಧಿಸುವವರು ಇಂದಿಗೂ ಹೆಚ್ಚಾಗಿ ಬಳಸುವ ಅಳತೆಗೋಲು ಇದು. ಮೊದಲನೆಯದು ನಮ್ಮ ಹುಡುಗನಲ್ಲಿ ಧಾರಾಳವಾಗಿತ್ತು. ಎರಡನೆಯದನ್ನು ತಂದೆಯೂ ನಾನೂ ಸೇರಿ ಕಿತ್ತುಕೊಂಡೆವು. ಮೂರನೆಯದು?

ಅದು ಪುಸ್ತಕದಿಂದ ಮಾತ್ರ ಬರುವಂಥದಲ್ಲ. ಮಣಿಪಾಲದಲ್ಲಿ 1986ರಲ್ಲೇ ಹೋಟೆಲ್ ವಿದ್ಯೆಯ ಕಾಲೇಜು ಹುಟ್ಟಿತು. ಈಗ ಊರೂರಲ್ಲಿ ಅಂಥ ತರಗತಿಗಳಿವೆ. ಅತಿಥಿಯನ್ನು ಆದರಿಸುವ ಕ್ರಮವನ್ನು ಅಲ್ಲಿ ಕಲಿಯಬಹುದು. ಆದರೆ ಜಿನಸಿನ ಅಂಗಡಿಯ ಸಾಲ, ಆಷಾಢದ ಮಳೆಯಲ್ಲಿ ಬರಿದಾದ ಮೇಜು, ಹೇಳದೆ ಕೇಳದೆ ಕೆಲಸ ಬಿಟ್ಟ ಅಡಿಗೆಭಟ್ಟ, ಇವು ಪರೀಕ್ಷೆಗೆ ಬರುವ ಪ್ರಶ್ನೆಗಳಲ್ಲ. ಹಳೆಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ ಇವೆಲ್ಲವನ್ನೂ ಕಣ್ಣಾರೆ ಕಂಡೇ ಬೆಳೆಯುತ್ತಿದ್ದ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಈ ಮರ್ಮವನ್ನು ಅರಿತಿತ್ತು. ಸ್ವಂತ ಉದ್ಯೋಗಕ್ಕೆ ಅಲ್ಲಿ ಕೊಡುವ ತರಬೇತಿ ಕೆಲವೇ ವಾರಗಳದು; ಕಲಿತವನು ಊರಿಗೆ ಮರಳಿದ ಮೇಲೂ ಬಹುಕಾಲ ಅವನ ಯೋಗಕ್ಷೇಮ ವಿಚಾರಿಸುತ್ತಾರೆ. ಬೆನ್ನ ಹಿಂದೆ ಒಬ್ಬರಿದ್ದಾರೆಂಬ ಭರವಸೆ ಬಂಡವಾಳಕ್ಕಿಂತ ಕಡಿಮೆಯದೇನಲ್ಲ.

ಮರುದಿನವೇ ತಂದೆಗೆ ಫೋನ್ ಮಾಡಿದೆ. “ಹುಡುಗನನ್ನು ಒಂದು ವರ್ಷ ಪರಿಚಿತರ ಸಣ್ಣ ಹೋಟೆಲಿನಲ್ಲಿ ಬಿಡಿ. ಒಲೆಯ ಮುಂದೆಯೂ ನಿಲ್ಲಲಿ, ಲೆಕ್ಕವನ್ನೂ ಬರೆಯಲಿ, ಮಳೆಗಾಲದ ನಷ್ಟವನ್ನೂ ನೋಡಲಿ. ಆಮೇಲೂ ಆಸೆ ಉಳಿದರೆ ತಡೆಯಬೇಡಿ. ಕೈ ಸುಟ್ಟುಕೊಳ್ಳಲೂಬಹುದು, ಆಗ ದುಡಿಮೆಗೆ ಪದವಿಯಂತೂ ಇದ್ದೇ ಇದೆ. ನಿನ್ನೆ ನಾನು ಹೇಳಿದ್ದು ತಪ್ಪು” ಎಂದೆ.

ಆ ಕಡೆಯಿಂದ ಬಹಳ ಹೊತ್ತು ಮಾತೇ ಇಲ್ಲ. ಫೋನ್ ಇಟ್ಟರೋ ಏನೋ ಎಂದುಕೊಳ್ಳುವಷ್ಟರಲ್ಲಿ ದನಿ ಕೇಳಿತು.

“ಮಾಷ್ಟ್ರೇ, ಆ ಜಾಗದ ಬಾವಿ ನೀರು ಬೇಸಗೆಯಲ್ಲಿ ಸ್ವಲ್ಪ ಉಪ್ಪಾತ್ತ್. ಕಾಫಿಗೆ ಎಂತ ಮಾಡುದು?”

ಉತ್ತರ ನನಗೆ ತಿಳಿಯದು. ಆದರೆ ಅಷ್ಟು ಸಂತೋಷ ಕೊಟ್ಟ ಪ್ರಶ್ನೆಯನ್ನು ಈ ವರ್ಷ ಯಾವ ವಿದ್ಯಾರ್ಥಿಯೂ ನನಗೆ ಕೇಳಿಲ್ಲ.