ಶಾಖಕ್ಕೊಂದು ಹೊರದಾರಿ

ಘಟ್ಟ ಹತ್ತುವ ಲಾರಿಯೊಂದು ನಡುದಾರಿಯಲ್ಲಿ ನಿಂತು, ಚಾಲಕನು ನೀರು ತಂದು ರೇಡಿಯೇಟರಿಗೆ ಹೊಯ್ಯುವ ದೃಶ್ಯವನ್ನು ಕಂಡವರು ಅನೇಕರು. ದುಡಿಯುವ ಯಂತ್ರಕ್ಕೆ ಬಿಸಿ ತಪ್ಪಿದ್ದಲ್ಲ. ಬಿಸಿಯನ್ನು ಹೊತ್ತೊಯ್ಯಲು ನೀರಿನಷ್ಟು ಅಗ್ಗದ ಆಳೂ ಬೇರಿಲ್ಲ. ಅಷ್ಟೇ ತೂಕದ ಗಾಳಿಗಿಂತ ಅದು ನಾಲ್ಕು ಪಟ್ಟು ಶಾಖವನ್ನು ಹೊರಬಲ್ಲದು.

ಈ ಗುಣವನ್ನು ನಂಬಿಯೇ ಗಣಕಯಂತ್ರದೊಳಕ್ಕೂ ನೀರನ್ನು ಹರಿಸಿದರು. 1980ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ 3081 ಎಂಬ ಬೃಹತ್ ಗಣಕವನ್ನು ತಣಿಸುತ್ತಿದ್ದುದು ನೀರೇ. 2004ರಲ್ಲಿ ಆಪಲ್ ಸಂಸ್ಥೆಯು ದ್ರವದಿಂದ ತಣಿಯುವ ಪವರ್ ಮ್ಯಾಕ್ ಜಿ5 ಯಂತ್ರವನ್ನು ಮಾರಿತು. ಇಂದು ಹವ್ಯಾಸಿಗಳು ಮೇಜಿನ ಮೇಲಣ ಗಣಕಕ್ಕೆ ತಾವೇ ಕೊಳವೆ ಜೋಡಿಸುವುದುಂಟು.

ಅದರ ರಚನೆ ಸರಳವಾದದ್ದು. ಪ್ರೊಸೆಸರಿನ ನೆತ್ತಿಯ ಮೇಲೆ ತಾಮ್ರದ ಪೊಳ್ಳು ಬಿಲ್ಲೆಯೊಂದು ಕುಳಿತಿರುತ್ತದೆ. ಪಂಪು ನೂಕಿದ ನೀರು ಆ ಬಿಲ್ಲೆಯೊಳಗೆ ಹಾಯ್ದು, ಶಾಖವನ್ನು ಹೊತ್ತು, ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಫ್ಯಾನುಗಳು ಆ ಶಾಖವನ್ನು ಗಾಳಿಗೆ ಕೊಡುತ್ತವೆ. ತಣಿದ ನೀರು ತೊಟ್ಟಿಗೆ ಮರಳಿ ಮತ್ತೆ ಪಂಪಿಗೆ ಇಳಿಯುತ್ತದೆ.

ತೊಡಕು ತಲೆದೋರುವುದು ಈ ಸುತ್ತನ್ನು ಹಿಗ್ಗಿಸಹೊರಟಾಗ. 2022ರಲ್ಲಿ ಬಂದ ಇಂಟೆಲ್ ಐ9-13900ಕೆ ಪ್ರೊಸೆಸರು ಪೂರ್ಣ ವೇಗದಲ್ಲಿ 253 ವಾಟ್ ವಿದ್ಯುತ್ತನ್ನು ನುಂಗುತ್ತದೆ. ಅದೇ ವರ್ಷ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡಿನ ಹಸಿವು 450 ವಾಟ್. ನುಂಗಿದ್ದೆಲ್ಲವೂ ಕಡೆಗೆ ಶಾಖವೇ ಆಗುತ್ತದೆ. ಮೊದಲನೆಯದನ್ನಷ್ಟೇ ತಣಿಸುತ್ತಿದ್ದ ಸುತ್ತಿಗೆ ಎರಡನೆಯದನ್ನೂ ಸೇರಿಸಿದರೆ ನೀರಿನ ಹೊರೆ 700 ವಾಟ್ ದಾಟಿ, ಸುಮಾರು ಮೂರು ಪಟ್ಟಾಗುತ್ತದೆ.

ಇಲ್ಲಿ ಹಲವರಿಗೆ ಹೊಳೆಯುವ ಉಪಾಯವೆಂದರೆ ತೊಟ್ಟಿಯನ್ನು ದೊಡ್ಡದು ಮಾಡುವುದು. ಬಚ್ಚಲೊಲೆಯ ಹಂಡೆಯನ್ನು ನೆನೆದರೆ ಇದರ ಹುಳುಕು ತಿಳಿಯುತ್ತದೆ. ಹಂಡೆ ದೊಡ್ಡದಾದರೆ ನೀರು ತಡವಾಗಿ ಕಾಯುತ್ತದೆಯೇ ಹೊರತು ಕಾಯದೆ ಉಳಿಯುವುದಿಲ್ಲ. ರೇಡಿಯೇಟರೇ ಇಲ್ಲದಿದ್ದರೆ 700 ವಾಟ್ ಶಾಖವು ಒಂದು ಲೀಟರು ನೀರನ್ನು 30 ಡಿಗ್ರಿಯಿಂದ 60ಕ್ಕೆ ಏರಿಸಲು ಮೂರು ನಿಮಿಷ ಸಾಕು. ನಾಲ್ಕು ಲೀಟರಾದರೆ ಹನ್ನೆರಡು ನಿಮಿಷ. ತೊಟ್ಟಿಯಿಂದ ದೊರೆಯುವುದು ವಾಯಿದೆ. ಸಾಲ ತೀರಿಸಬೇಕಾದುದು ರೇಡಿಯೇಟರು.

ಆದ್ದರಿಂದ ಹೊಸ ಬಿಲ್ಲೆಯ ಜೊತೆಗೆ ಹೊಸ ರೇಡಿಯೇಟರೂ ಬರಬೇಕು. ಸದ್ದಿಲ್ಲದೆ ತಿರುಗುವ 120 ಮಿಲಿಮೀಟರಿನ ಒಂದು ಫ್ಯಾನಿಗೆ ಸುಮಾರು 100 ವಾಟ್ ಎಂಬುದು ಹವ್ಯಾಸಿಗಳ ಸ್ಥೂಲ ಲೆಕ್ಕ. ಮೊದಲೇ ಮೂರು ಫ್ಯಾನಿನ ರೇಡಿಯೇಟರಿದ್ದರೆ ಇನ್ನೊಂದು ನಾಲ್ಕು ಫ್ಯಾನಿನದು ಬೇಕು. ಪೆಟ್ಟಿಗೆಯಲ್ಲಿ ಮೂರರದಕ್ಕೇ ಜಾಗವಿದ್ದರೆ ಫ್ಯಾನುಗಳು ಕೊಂಚ ಜೋರಾಗಿ ತಿರುಗಿ ಸದ್ದು ಮಾಡಿಯಾವು. ಎಷ್ಟೇ ರೇಡಿಯೇಟರು ಕೂಡಿಸಿದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದು. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಇದ್ದರೆ, ದುಡಿಯುವ ಯಂತ್ರದ ನೀರು 45 ಮುಟ್ಟುವುದು ಸಹಜ.

ಯಾವುದರ ಮುಂದೆ ಯಾವುದಿರಬೇಕೆಂಬ ಚರ್ಚೆಯಲ್ಲಿ ಕೆಲವರು ದಿನಗಳನ್ನೇ ಕಳೆಯುತ್ತಾರೆ. ನಿಮಿಷಕ್ಕೆ ನಾಲ್ಕು ಲೀಟರು ನೀರು ಹರಿಯುತ್ತಿದ್ದರೆ, 700 ವಾಟ್ ಶಾಖವನ್ನು ಹೊತ್ತ ಬಳಿಕವೂ ಅದರ ಉಷ್ಣತೆ ಏರುವುದು ಎರಡೂವರೆ ಡಿಗ್ರಿ ಮಾತ್ರ. ಸುತ್ತಿನಲ್ಲೆಲ್ಲ ನೀರು ಹೆಚ್ಚುಕಡಿಮೆ ಒಂದೇ ಹದದಲ್ಲಿರುವುದರಿಂದ ಕೊಳವೆಗಳು ಅನುಕೂಲವಾದ ಹತ್ತಿರದ ದಾರಿ ಹಿಡಿದರೆ ಸಾಕು. ಮೀರಬಾರದ ನಿಯಮ ಒಂದೇ: ತೊಟ್ಟಿಯು ಪಂಪಿನ ಬೆನ್ನಿಗೇ ಇದ್ದು ಅದಕ್ಕೆ ನೀರೂಡಿಸುತ್ತಿರಬೇಕು. ನೀರಿಲ್ಲದೆ ತಿರುಗಿದ ಪಂಪು ಬೇಗನೆ ಕೆಡುತ್ತದೆ.

ಲೋಹಗಳ ವಿಷಯದಲ್ಲಿ ಮಾತ್ರ ಇಂಥ ಸಡಿಲು ಸಲ್ಲದು. ತಾಮ್ರದ ಬಿಲ್ಲೆಯಿರುವ ಸುತ್ತಿಗೆ ಅಗ್ಗಕ್ಕೆ ಸಿಕ್ಕಿತೆಂದು ಅಲ್ಯೂಮಿನಿಯಂ ರೇಡಿಯೇಟರನ್ನು ಕೂಡಿಸಿದರೆ, ಎರಡು ಲೋಹಗಳೂ ನಡುವಣ ನೀರೂ ಸೇರಿ ವಿದ್ಯುತ್ಕೋಶವೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಸವೆಯತೊಡಗುತ್ತದೆ, ಕಿಟ್ಟವು ಬಿಲ್ಲೆಯ ಕೂದಲೆಳೆಯಂಥ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವ ಕಳ್ಳತನ. ಭಟ್ಟಿಯಿಳಿಸಿದ ನೀರಿಗೆ ತುಕ್ಕು ತಡೆಯುವ ಮತ್ತು ಪಾಚಿಯನ್ನು ಕೊಲ್ಲುವ ಔಷಧ ಬೆರೆಸುವುದೂ ಅವಶ್ಯ.

ಗ್ರಾಫಿಕ್ಸ್ ಕಾರ್ಡಿನ ಮೂಲ ಫ್ಯಾನನ್ನು ಕಳಚಿದ ಮೇಲೆ ಅದರ ಸ್ಮೃತಿ ಚಿಪ್ಪುಗಳಿಗೂ ವಿದ್ಯುತ್ ನಿಯಂತ್ರಕಗಳಿಗೂ ಹೊಸ ಬಿಲ್ಲೆಯೇ ಗತಿ. ಆ ಕಾರ್ಡಿನ ಅಳತೆಗೇ ಮಾಡಿದ ಬಿಲ್ಲೆಯನ್ನು ಕೊಳ್ಳದಿದ್ದರೆ ಅವು ತಂಪಿಲ್ಲದೆ ಬೆಂದುಹೋದಾವು.

ಎಲ್ಲಕ್ಕೂ ಮಿಗಿಲಾದುದು ತಾಳ್ಮೆ. ಬೆಸುಗೆಯಿಲ್ಲದ ಹತ್ತಾರು ಸಂದುಗಳಲ್ಲಿ ಒಂದು ಸಡಿಲವಾಗಿದ್ದರೂ ತೊಟ್ಟಿಕ್ಕುವ ನೀರು ಬೀಳುವುದು ಲಕ್ಷ ರೂಪಾಯಿಯನ್ನೂ ಮೀರುವ ಬೆಲೆಯ ವಸ್ತುವಿನ ಮೇಲೆ. ಭಟ್ಟಿಯ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದೆಂಬ ಧೈರ್ಯವೂ ಸಲ್ಲದು. ಲೋಹದ ಸಂಗದಲ್ಲಿ ಕೆಲದಿನ ಕಳೆದರೆ ಅದರ ಶುದ್ಧಿ ಉಳಿಯದು. ಆದ್ದರಿಂದ ತಿಳಿದವರು ಮೊದಲು ಕೈಪಂಪಿನಿಂದ ಗಾಳಿ ತುಂಬಿ, ಒತ್ತಡದ ಮುಳ್ಳು ಇಳಿಯುವುದೇ ಎಂದು ನೋಡುತ್ತಾರೆ. ಬಳಿಕ ನೀರು ತುಂಬಿ, ಉಳಿದೆಲ್ಲ ಭಾಗಗಳ ವಿದ್ಯುತ್ತನ್ನು ಕಿತ್ತು, ಪಂಪನ್ನು ಮಾತ್ರ ಗಂಟೆಗಟ್ಟಲೆ ಓಡಿಸುತ್ತಾರೆ. ಪ್ರತಿ ಸಂದಿನ ಕೆಳಗೂ ಒಣ ಕಾಗದ ಹಾಸಿರುತ್ತಾರೆ. ಪೆಟ್ಟಿಗೆಯನ್ನು ಅತ್ತಿತ್ತ ವಾಲಿಸಿ ಒಳಗಿನ ಗುಳ್ಳೆಗಳನ್ನು ತೊಟ್ಟಿಗೆ ಹತ್ತಿಸುತ್ತಾರೆ.

ಆ ಕಾಗದ ಮರುದಿನವೂ ಒಣಗಿಯೇ ಇದ್ದರೆ ಸ್ವಿಚ್ಚು ಒತ್ತಬಹುದು. ಅದಕ್ಕೆ ಮುಂಚೆ ಒತ್ತುವ ಬೆರಳಿಗೆ ಒಂದು ರಾತ್ರಿಯ ಅವಸರ. ಕಳೆದುಕೊಳ್ಳುವುದು ವರ್ಷಗಳ ಉಳಿತಾಯ.