ಮೇಸ್ತ್ರಿಯ ಹಾಜರಿ ಪುಸ್ತಕ

ಸೇಡಂ, ಚಿಂಚೋಳಿ ಕಡೆಯ ತಾಂಡಾಗಳಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವರನ್ನು ಕರೆಯುವುದು ಯಾವ ಕಚೇರಿಯೂ ಅಲ್ಲ. ಎಲ್ಲಿ ಸ್ಲ್ಯಾಬ್ ಬೀಳುತ್ತದೆ, ಎಷ್ಟು ಗೌಂಡಿಗಳು ಬೇಕು ಎಂದು ಮೇಸ್ತ್ರಿ ಭಾವಮೈದುನನಿಗೆ ಫೋನಿನಲ್ಲಿ ಹೇಳಿದರೆ, ಸಂಜೆಯೊಳಗೆ ತಾಂಡಾಕ್ಕೆಲ್ಲ ಸುದ್ದಿ!

ಲೇಬರ್ ಕಾರ್ಡಿನ ಸುದ್ದಿಯೂ ಹೀಗೆಯೇ ಹರಡಿತು. ಆದರೆ ಕರಣೆ ಮುಟ್ಟದವರೂ ಕಾರ್ಡು ಮಾಡಿಸಿಕೊಂಡರು. ಕಟ್ಟಡ ವೆಚ್ಚದ ಮೇಲಿನ ಸೆಸ್ಸಿನಿಂದ ಕಾರ್ಮಿಕರ ಕಲ್ಯಾಣವಾಗಲೆಂದು 1996ರಲ್ಲಿ ಕೇಂದ್ರ ಕಾಯಿದೆಗಳು ಬಂದವು. ನಮ್ಮ ರಾಜ್ಯದ ಮಂಡಳಿ ರಚನೆಯಾದದ್ದು 2007ರಲ್ಲಿ. ದೇಶದಲ್ಲಿ ಸಂಗ್ರಹವಾದ ಸುಮಾರು 37,400 ಕೋಟಿ ರೂಪಾಯಿಗಳಲ್ಲಿ ಸುಮಾರು 9,500 ಕೋಟಿ ಮಾತ್ರ ಬಳಕೆಯಾಗಿದೆಯೆಂಬುದನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿ ತೋರಿಸಿತು.

ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ಪುರಾವೆ ಬೇಕು. ನಿಜವಾಗಿ ದುಡಿದವರಾರೆಂಬ ಲೆಕ್ಕವಿರುವುದು ಮೇಸ್ತ್ರಿಯ ಪುಸ್ತಕದಲ್ಲಿ. ಮಂಡಳಿ ಅದನ್ನು ಬಿಟ್ಟು ಬೇರೆಲ್ಲ ಕಾಗದ ನೋಡುತ್ತದೆ. ಮೇಲಾಗಿ ಹೈದರಾಬಾದಿನ ಕಟ್ಟಡದ ಸೆಸ್ ಸೇರುವುದು ತೆಲಂಗಾಣದ ಮಂಡಳಿಗೆ, ದುಡಿದವನ ಸಂಸಾರವಿರುವುದು ಇಲ್ಲಿ.

ಮೇಸ್ತ್ರಿ ಕಮಿಷನ್ ಕೇಳಿಯಾನೆಂಬ ಆಕ್ಷೇಪ ಸುಳ್ಳಲ್ಲ. ಆದ್ದರಿಂದಲೇ ವಾರದ ಬಟವಾಡೆಯ ದಿನ ಪ್ರತಿಯೊಬ್ಬರ ಕೈಗೂ ಹಾಜರಿ ಚೀಟಿ ಸೇರಬೇಕು, ಎರಡೂ ರಾಜ್ಯಗಳು ಅದನ್ನು ಪುರಾವೆಯೆಂದು ಒಪ್ಪಬೇಕು ಎಂಬುದು ನನ್ನ ಅಭಿಪ್ರಾಯ. ಗುತ್ತಿಗೆದಾರರಾಗಿರುವ ನನ್ನ ಶಿಷ್ಯರು ಸರ್ಕಾರಕ್ಕೆ ಕಾಯದೆ ಈ ಶನಿವಾರದಿಂದಲೇ ಚೀಟಿ ಕೊಡಲು ಆರಂಭಿಸಬಾರದೇಕೆ?